ಟೇಪಿನಡಿ ಬಗ್ಗಿ ಬನ್ನಿ

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ ಎಂದು ಅವ್ವ ಎಲ್ಲರ ಹತ್ತಿರವೂ ಹೇಳುತ್ತಾಳೆ. ನಿಜ ಹೇಳಬೇಕೆಂದರೆ ಶಾಲೆಯೇ ನನ್ನನ್ನು ಬಿಟ್ಟು ಹೋಯಿತು. ಮೇಷ್ಟ್ರು ಬೋರ್ಡಿನ ಮೇಲೆ ವೃತ್ತ ಬರೆಯುತ್ತಿದ್ದರು. ಮುಕ್ಕಾಲು ಬರೆದಿದ್ದರು. ಅಷ್ಟರಲ್ಲಿ ರಾಜಧಾನಿಯಲ್ಲಿ ಸರ್ಕಾರ ಬಿತ್ತು. ಮೇಷ್ಟ್ರ ಕೈಯಲ್ಲಿ ಸೀಮೆಸುಣ್ಣ ಉಳಿಯಿತು, ಅದು ಅವರ ಸ್ವಂತ ದುಡ್ಡಿನದು. ಬೋರ್ಡಿಲ್ಲ, ಗೋಡೆಯಿಲ್ಲ, ಬೆಂಚಿಲ್ಲ. ನಾವೆಲ್ಲ ಬಯಲಿನಲ್ಲಿ ದೊಪ್ಪನೆ ಕುಂಡೆಯ ಮೇಲೆ ಬಿದ್ದೆವು. ಮೇಷ್ಟ್ರು ಸ್ವಲ್ಪ ಹೊತ್ತು ಗಾಳಿಯಲ್ಲಿ ಕೈ ಹಿಡಿದುಕೊಂಡೇ ನಿಂತಿದ್ದು, ಆಮೇಲೆ "ನಡೀರಿ ಮನೆಗೆ" ಎಂದರು.

ನಮ್ಮೂರಿನಲ್ಲಿ ಹೀಗೆಯೇ. ಯಾವ ಸರ್ಕಾರದವರು ಏನನ್ನು ಉದ್ಘಾಟನೆ ಮಾಡುತ್ತಾರೋ ಅದು ಆ ಸರ್ಕಾರ ಇರುವವರೆಗೆ ಮಾತ್ರ. ಸರ್ಕಾರ ಬಿದ್ದ ಗಳಿಗೆಗೆ ಅದೂ ಇಲ್ಲ. ಸದ್ದಿಲ್ಲ, ಧೂಳಿಲ್ಲ. ಅದು ನಿಂತಿದ್ದ ಜಾಗದಲ್ಲಿ ಬಿಸಿಲು ಕಾಣದ ಮಣ್ಣು ಬಿಳುಚಿಕೊಂಡು ಚೌಕಾಕಾರವಾಗಿ ಉಳಿಯುತ್ತದೆ, ಅದರ ಮೇಲೆ ಇರುವೆಗಳು ದಿಕ್ಕೆಟ್ಟು ಓಡಾಡುತ್ತವೆ. ಒಮ್ಮೆ ಸಾಮೂಹಿಕ ಮದುವೆಯನ್ನು ಮಂತ್ರಿಗಳು ಉದ್ಘಾಟಿಸಿ ಸರ್ಕಾರದ ತಾಳಿ ಕೊಟ್ಟಿದ್ದರು. ಸರ್ಕಾರ ಬಿದ್ದಾಗ ತಾಳಿಗಳು ಹೋದವು, ಗಂಡಂದಿರು ಉಳಿದರು. ಇದು ತಿರುಗಾಮುರುಗಾ ಆಗಿದ್ದರೆ ಚೆನ್ನಾಗಿತ್ತೆಂದು ಸುಮಾರು ಹೆಂಗಸರು ಬಹಿರಂಗವಾಗಿಯೇ ಹೇಳಿಕೊಂಡರು.

ಆದ್ದರಿಂದ ನಮ್ಮೂರಿನವರು ರಾಜಕೀಯದ ಸುದ್ದಿಯನ್ನು ಬೇರೆ ಊರಿನವರು ಮಳೆಯ ಸುದ್ದಿ ಕೇಳುವ ಹಾಗೆ ಕೇಳುತ್ತಾರೆ. ಶಾಸಕರು ಬಸ್ಸು ಹತ್ತಿ ರೆಸಾರ್ಟಿಗೆ ಹೋದರು ಎಂದು ಕ್ಷೌರದಂಗಡಿಯ ರೇಡಿಯೋದಲ್ಲಿ ಬಂದರೆ, ಬಸ್‌ ತಂಗುದಾಣದ ಕಂಬಕ್ಕೆ ಕಟ್ಟಿದ ಎಮ್ಮೆಯನ್ನು ಬಿಚ್ಚಿಕೊಂಡು ಬರುತ್ತಾರೆ. ವಿಶ್ವಾಸಮತದ ದಿನ ಯಾರೂ ಸಾರ್ವಜನಿಕ ಶೌಚಾಲಯಕ್ಕೆ ಹೋಗುವುದಿಲ್ಲ. ಎಷ್ಟೇ ಅವಸರವಿದ್ದರೂ ಸಭಾಧ್ಯಕ್ಷರು ತೀರ್ಪು ಹೇಳಲಿ ಎಂದು ತಡೆದುಕೊಂಡಿರುತ್ತಾರೆ.

ನಗುವ ಮಾತು ಇಷ್ಟೇ. ಅಪ್ಪ ಸತ್ತದ್ದು ಇದರಿಂದಲೇ. ಅವನಿಗೆ ಟಿಬಿ ಇತ್ತು. ಆರು ತಿಂಗಳು ಒಂದು ದಿನವೂ ತಪ್ಪದೆ ಗುಳಿಗೆ ನುಂಗಬೇಕು ಎಂದಿದ್ದರು. ನುಂಗುತ್ತಿದ್ದ. ಮೈ ತುಂಬಿಕೊಳ್ಳುತ್ತಿತ್ತು, ಅವ್ವನ ಜೊತೆ ಜಗಳವಾಡುವಷ್ಟು ಉಸಿರು ಬಂದಿತ್ತು. ನಡುವೆ ಸರ್ಕಾರ ಬಿತ್ತು, ಆಸ್ಪತ್ರೆ ಹೋಯಿತು. ಮನೆಯ ಡಬ್ಬಿಯಲ್ಲಿ ಇಟ್ಟಿದ್ದ ಗುಳಿಗೆಗಳೂ ಹೋದವು, ಅವುಗಳ ಬೆಳ್ಳಿ ಕಾಗದವೂ ಉಳಿಯಲಿಲ್ಲ. ಹೊಸ ಸರ್ಕಾರ ಹೊಸ ಆಸ್ಪತ್ರೆಗೆ ಜಾಗ ನೋಡಿ, ಹೆಸರು ಯೋಚಿಸಿ, ಬಣ್ಣ ಆರಿಸುವಷ್ಟರಲ್ಲಿ ಅಪ್ಪ ಕಾಯಲಿಲ್ಲ. ಅವನನ್ನು ಸುಟ್ಟದ್ದು ಸುಡುಗಾಡಿನ ಸರ್ಕಾರಿ ಶೆಡ್ಡಿನಲ್ಲಿ. ಆ ಶೆಡ್ಡು ಮಾತ್ರ ನಾನು ಹುಟ್ಟುವ ಮೊದಲಿನಿಂದಲೂ ಹಾಗೆಯೇ ನಿಂತಿದೆ. ಆಸ್ಪತ್ರೆ ಹೋಗುತ್ತದೆ, ಸುಡುಗಾಡು ಇರುತ್ತದೆ. ಆಗ ಅಳುತ್ತಿದ್ದುದರಿಂದ ಇದೇಕೆ ಹೀಗೆ ಎಂದು ಯೋಚಿಸಲಿಲ್ಲ.

ಈಗ ನಾನು ಹೇಳಹೊರಟಿರುವ ಆಸ್ಪತ್ರೆ ಅದಾದ ಮೇಲಿನದು. ಕಟ್ಟಡವಾಗಿತ್ತು, ಔಷಧಿ ಬಂದಿತ್ತು, ಫ್ರಿಜ್ಜು ಬಂದಿತ್ತು, ಬಾಗಿಲಿಗೆ ಕೆಂಪು ಟೇಪು ಕಟ್ಟಿದ್ದರು. ಉದ್ಘಾಟನೆಗೆ ಬರಬೇಕಿದ್ದ ಮಂತ್ರಿಗಳ ಕಾರು ಅರ್ಧ ದಾರಿಗೆ ಬಂದಾಗ ಅವರ ಸರ್ಕಾರ ಬಿತ್ತು. ಕಾರು ಅಲ್ಲೇ ತಿರುಗಿಕೊಂಡಿತು. ಊರಿನವರು ಅಭ್ಯಾಸಬಲದಿಂದ ಆಸ್ಪತ್ರೆ ಹೋಗುವುದನ್ನು ನೋಡಲು ಬಂದು ನಿಂತರು. ಆಸ್ಪತ್ರೆ ಹೋಗಲಿಲ್ಲ. ಟೇಪು ಗಾಳಿಗೆ ಪಟಪಟ ಎನ್ನುತ್ತಿತ್ತು. ಕೊನೆಗೆ ಜಲಜಾಕ್ಷಿ ಸಿಸ್ಟರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಟೇಪಿನ ಕೆಳಗೆ ಬಗ್ಗಿ ಒಳಗೆ ಹೋಗಿ, ಕಿಟಕಿಯಿಂದ ತಲೆ ಹಾಕಿ ಕೂಗಿದರು: "ಏನ್ ನೋಡ್ತಾ ನಿಂತಿದೀರ? ಕೆಮ್ಮು ಇರೋರು ಈ ಕಡೆ, ಬಸುರೇರು ಆ ಕಡೆ. ಟೇಪ್ ಮುಟ್ಟಿದೋರ ಕೈ ಮುರೀತೀನಿ. ಬಗ್ಗಿ ಬನ್ನಿ!"

ಅವತ್ತಿನಿಂದ ಎಲ್ಲರೂ ಬಗ್ಗಿಯೇ ಬರುತ್ತಿದ್ದರು. ದಿನ ತುಂಬಿದ ಬಸುರಿಯರು ಮಂಡಿಯೂರಿ ಬರುತ್ತಿದ್ದರು. ಸೊಂಟನೋವಿನವರು ಬಗ್ಗುವಾಗ ಅಯ್ಯಯ್ಯೋ ಎಂದು, ಏಳುವಾಗ ಈಗ ಪರವಾಗಿಲ್ಲ ಎಂದು, ಔಷಧಿ ತೆಗೆದುಕೊಳ್ಳದೆಯೇ ವಾಪಸು ಹೋದದ್ದುಂಟು. ಟೇಪು ಬಿಸಿಲಿಗೆ ಬಿಳುಚಿದರೆ ಹೊಸದನ್ನು ಮೊದಲು ಕಟ್ಟಿ, ಹಳೆಯದನ್ನು ಗಂಟು ಬಿಚ್ಚಿ ತೆಗೆಯಬೇಕು. ಕತ್ತರಿ ಹತ್ತಿರ ತರುವಂತಿಲ್ಲ. ಅಲ್ಲಿ ಕಸ ಗುಡಿಸುವ ಕೆಲಸದ ಜೊತೆಗೆ ಇದೂ ನನ್ನ ಕೆಲಸವಾಗಿತ್ತು. ಒಮ್ಮೆ ಸೋಮಕ್ಕನ ಮೇಕೆ ಟೇಪನ್ನು ತಿಂದುಹಾಕಿತು. ಮೇಕೆ ಉದ್ಘಾಟನೆ ಮಾಡಿದಂತಾಯಿತೇ ಇಲ್ಲವೇ ಎಂದು ಅರಳಿಕಟ್ಟೆಯ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಮೇಕೆ ಯಾವ ಪಕ್ಷದ್ದೆಂದು ಇತ್ಯರ್ಥವಾಗದೆ ಸಭೆ ಬರಖಾಸ್ತಾಯಿತು. ಆಸ್ಪತ್ರೆ ಹೋಗಲಿಲ್ಲ. ನಾನು ಹೊಸ ಟೇಪು ಕಟ್ಟಿದೆ.

ಈ ಆಸ್ಪತ್ರೆಯಲ್ಲೇ ಅವ್ವನಿಗೂ ಟಿಬಿ ಎಂದು ಗೊತ್ತಾದದ್ದು. ಅವ್ವ, ಎಂದರೆ ಚಿಕ್ಕತಾಯಮ್ಮ, ಬೇಯಿಸಿದ ಕಡಲೆಕಾಯಿ ಮಾರುವವಳು. ಅವಳು ಬಸ್‌ ತಂಗುದಾಣದಲ್ಲಿ "ಕಡ್ಲೇಕಾಯೋ" ಎಂದರೆ ಕೆರೆಯಾಚೆ ಬಟ್ಟೆ ಒಗೆಯುವವರಿಗೆ ಬಾಯಲ್ಲಿ ನೀರೂರುತ್ತಿತ್ತು. ಆ ಗಂಟಲು ಮೊದಲು ಗೊಗ್ಗರಾಯಿತು, ಆಮೇಲೆ ಬರೀ ಕೆಮ್ಮಾಯಿತು. ಸಿಸ್ಟರು ಕಫದ ಪರೀಕ್ಷೆ ಮಾಡಿಸಿ, ದಿನವೂ ತಮ್ಮ ಕಣ್ಣೆದುರೇ ಗುಳಿಗೆ ನುಂಗಿಸತೊಡಗಿದರು. ಅವ್ವ ಗೊಣಗುತ್ತಾ ಟೇಪಿನಡಿ ಬಗ್ಗುವಳು, ಗೊಣಗುತ್ತಾ ನುಂಗುವಳು. ನಾಲ್ಕನೇ ತಿಂಗಳು ಮುಗಿಯುತ್ತಾ ಬಂದಿತ್ತು. ಹತ್ತಿರ ಕೂತವರಿಗೆ ಕೇಳುವಷ್ಟು ದನಿ ಮರಳಿತ್ತು. ಅದೇ ಹೊತ್ತಿಗೆ ಎಮ್ಮೆಲ್ಲೆ ಗವಿರಂಗಯ್ಯನವರಿಗೆ ನಮ್ಮ ಆಸ್ಪತ್ರೆಯ ಮೇಲೆ ಕಣ್ಣು ಬಿತ್ತು.

ಗವಿರಂಗಯ್ಯನವರು ಆಳುವ ಪಕ್ಷದವರು. ಇನ್ನೇನು ಮಂತ್ರಿಯಾಗುತ್ತಾರೆ ಎಂದು ಸರ್ಕಾರ ಬಂದಾಗಿನಿಂದಲೂ ಹೇಳುತ್ತಿದ್ದರು. ಒಂದು ದಿನ ಬಂದು ಆಸ್ಪತ್ರೆಯ ಮುಂದೆ ನಿಂತರು. ಜೊತೆಗೆ ಅವರ ಪಿಎ ಕುಬೇರಪ್ಪ. ಕುಬೇರಪ್ಪನ ನಿಜವಾದ ಕೆಲಸ ಸಾಹೇಬರ ಮಾತು ಮುಗಿಯುತ್ತಲೇ ಮೊದಲ ಚಪ್ಪಾಳೆ ತಟ್ಟುವುದು. ಅಗಲವಾದ ಅಂಗೈ, ಒಂದು ತಟ್ಟಿದರೆ ಪಾರಿವಾಳ ಹಾರುತ್ತವೆ. ಅವನು ಶುರುಮಾಡಿದರೆ ಊರೆಲ್ಲ ತಟ್ಟಲೇಬೇಕು.

"ಏನಿದು ಸಿಸ್ಟರ್, ಟೇಪು ಇನ್ನೂ ಇದೆ?" ಎಂದರು ಗವಿರಂಗಯ್ಯ.

"ಇದೆ ಸಾರ್. ಬಗ್ಗಿ ಬನ್ನಿ ಒಳಗೆ."

"ನಾನು ಬಗ್ಗೋದಾ?" ಅವರು ಕುಬೇರಪ್ಪನ ಮುಖ ನೋಡಿದರು. "ನಾನು ಬಗ್ಗೋದು ಓಟು ಕೇಳೋವಾಗ ಮಾತ್ರ ಕಣಮ್ಮ. ಇದನ್ನ ನಮ್ಮ ನಾಡಿಮಿತ್ರ ಯೋಜನೆಗೆ ಸೇರಿಸ್ತೀನಿ. ನಮ್ಮ ಬಣ್ಣ ಹೊಡೆಸಿ, ನಮ್ಮ ಬೋರ್ಡ್ ಹಾಕ್ಸಿ, ಜುಮ್ಮಂತ ಉದ್ಘಾಟನೆ ಮಾಡ್ಬಿಡೋಣ."

ಜಗುಲಿಯ ಮೇಲೆ ಕೂತಿದ್ದವರೆಲ್ಲರ ಮುಖ ಬಾಡಿತು. ಬೇಡ ಎನ್ನಲು ಬಾಯಿ ಬರುತ್ತಿಲ್ಲ. ಯಾಕೆ ಬೇಡ ಎಂದು ಕೇಳಿದರೆ, ನಿಮ್ಮ ಸರ್ಕಾರ ಬೀಳುತ್ತದಲ್ಲ ಸ್ವಾಮಿ ಅದಕ್ಕೆ ಎನ್ನಬೇಕಾಗುತ್ತದೆ. ಆಳುವವರ ಮುಖಕ್ಕೆ ಹಾಗೆ ಹೇಳಿದವರಿಗೆ ಆಮೇಲೆ ರೇಷನ್ ಕಾರ್ಡಿನಲ್ಲಿ ಹೆಸರೇ ಸಿಗುವುದಿಲ್ಲ. ಅದರ ಮೇಲೆ ಆ ವಾರವಷ್ಟೇ ಅವರ ಪಕ್ಷದ ಒಂದು ಬಸ್ಸಿನಷ್ಟು ಶಾಸಕರು ಮುನಿಸಿಕೊಂಡು ರೆಸಾರ್ಟಿಗೆ ಹೋಗಿದ್ದರು. ಅವ್ವನಿಗೆ ಮಾತ್ರ ಇಂಥ ಹಿಂದೆಮುಂದೆ ಇಲ್ಲ.

"ಬಸ್ನಲ್ಲಿ ವೋದೋರು ವಾಪಸ್ ಬಂದ್ರಾ ಸ್ವಾಮಿ?" ಎಂದಳು.

"ಏ, ಅವ್ರು ಟೂರ್ ಹೋಗವ್ರೆ ಕಣಮ್ಮ. ರೆಸ್ಟು."

"ರೆಸ್ಟ್ ತಗಳೋ ಅಂತಾದ್ದು ಏನ್ ಕೆಲ್ಸ ಮಾಡಿದ್ರು?"

ಸಿಸ್ಟರು ಅವ್ವನ ಬಾಯಿಗೆ ಆ ದಿನದ ಗುಳಿಗೆಯನ್ನು ತುರುಕಿದರು. "ಆಷಾಢ ಸಾರ್," ಎಂದರು ಎಮ್ಮೆಲ್ಲೆ ಕಡೆ ತಿರುಗಿ. "ಆಷಾಢದಲ್ಲಿ ಒಳ್ಳೆ ಕೆಲಸ ಮಾಡಬಾರದಲ್ವಾ." ಗವಿರಂಗಯ್ಯನವರಿಗೆ ದೇವರ ಭಯ ಸ್ವಲ್ಪ, ಆಷಾಢದ ಭಯ ಬಹಳ. ಶ್ರಾವಣದ ಮೊದಲ ಗುರುವಾರ ಎಂದು ಕುಬೇರಪ್ಪ ಅಲ್ಲೇ ನಿಗದಿ ಮಾಡಿದ. ಹೋಗುವ ಮೊದಲು ನನ್ನತ್ತ ಕೈ ತೋರಿಸಿ, "ಹರಿವಾಣ ಹಿಡಿಯಕ್ಕೆ ಈ ಹುಡುಗಿನೇ ಇರ್ಲಿ" ಎಂದ.

ಊರಿನ ಎಲ್ಲ ಉದ್ಘಾಟನೆಗಳಿಗೂ ಹರಿವಾಣ ಹಿಡಿಯುವವಳು ನಾನೇ. ನಾನು ಮಾತಾಡುವುದಿಲ್ಲ, ಎದುರುತ್ತರ ಕೊಡುವುದಿಲ್ಲ, ದೊಡ್ಡವರ ಪಕ್ಕದಲ್ಲಿ ನಿಂತರೆ ಫೋಟೋದಲ್ಲಿ ಅವರಿಗಿಂತ ಎದ್ದು ಕಾಣುವುದಿಲ್ಲ ಎನ್ನುವುದೇ ನನ್ನ ಅರ್ಹತೆ. ಮಂದಿ ನೋಡುತ್ತಿದ್ದಾರೆ ಎಂದರೆ ನನ್ನ ತಲೆ ತಾನಾಗಿ ತಗ್ಗುತ್ತದೆ. ಪೇಪರಿನಲ್ಲಿ ನನ್ನ ಬೈತಲೆ ಎಷ್ಟೋ ಸಲ ಬಂದಿದೆ, ಮುಖ ಒಂದು ಸಲವೂ ಬಂದಿಲ್ಲ. ಆದರೆ ತಲೆ ತಗ್ಗಿಸಿ ನಿಂತವರಿಗೆ ಒಂದು ಅನುಕೂಲವಿದೆ. ಬೇರೆಯವರೆಲ್ಲ ಮುಖ ನೋಡುತ್ತಾರೆ, ನಮಗೆ ಕೈಗಳು ಕಾಣುತ್ತವೆ.

ಮಾರನೆಯ ದಿನ ಆಸ್ಪತ್ರೆ ಗುಡಿಸುತ್ತಾ ಅದನ್ನೇ ಯೋಚಿಸುತ್ತಿದ್ದೆ. ಅಪ್ಪನನ್ನು ಸುಟ್ಟ ಶೆಡ್ಡು ಯಾಕೆ ಉಳಿಯಿತು? ಅದನ್ನೂ ಒಬ್ಬ ಮಂತ್ರಿಯೇ ಉದ್ಘಾಟನೆ ಮಾಡಿದ್ದನಂತೆ. ಇನ್ನು ನಾನೇ ಹರಿವಾಣ ಹಿಡಿದಿದ್ದ ಉದ್ಘಾಟನೆಗಳಲ್ಲಿ ಎರಡು ಉಳಿದಿದ್ದವು. ಒಂದು, ಜೋರು ಮಳೆಯಲ್ಲಿ ಆದ ಕೊಳವೆಬಾವಿ. ಇನ್ನೊಂದು, ಸಂತೆಬೀದಿಯ ಚರಂಡಿ. ಈ ಮೂರೂ ಅದೆಷ್ಟೋ ಸರ್ಕಾರಗಳನ್ನು ಕಂಡಿದ್ದವು. ಕೊಳವೆಬಾವಿಯ ದಿನ ನನಗೆ ಕಂಡ ಕೈಗಳನ್ನು ನೆನಪಿಸಿಕೊಂಡೆ. ಎಲ್ಲರ ಕೈಯಲ್ಲೂ ಕೊಡೆಯಿತ್ತು. ಚರಂಡಿಯ ದಿನ ಎಲ್ಲರೂ ಮೂಗು ಹಿಡಿದುಕೊಂಡಿದ್ದರು. ಸುಡುಗಾಡಿನಲ್ಲಿ ನಾನಿರಲಿಲ್ಲ, ಆದರೆ ಸುಡುಗಾಡಿನಲ್ಲಿ ಯಾರು ತಾನೇ ಚಪ್ಪಾಳೆ ತಟ್ಟುತ್ತಾರೆ?

ಪೊರಕೆ ನನ್ನ ಕೈಯಲ್ಲೇ ನಿಂತುಬಿಟ್ಟಿತು.

ಸಿಸ್ಟರು ನನ್ನ ಕಡೆ ಬೆನ್ನು ಮಾಡಿ ಫ್ರಿಜ್ಜಿನಲ್ಲಿ ಚುಚ್ಚುಮದ್ದಿನ ಬಾಟಲಿ ಜೋಡಿಸುತ್ತಿದ್ದರು. ಮುಖ ಕಂಡಿದ್ದರೆ ನನಗೆ ಹೇಳಲಾಗುತ್ತಿರಲಿಲ್ಲ. ಬೆನ್ನಿಗೆ ಹೇಳಿದೆ. "ಚಪ್ಪಾಳೆ ಬೀಳದಿದ್ರೆ ಹೋಗಲ್ಲ ಅನ್ಸುತ್ತೆ ಸಿಸ್ಟರೇ."

ಅವರು ಬೆಚ್ಚಿ ತಿರುಗಿದರು. "ಯಾರದು ಮಾತಾಡಿದ್ದು? ನೀನಾ?"

ನಾನು ನೆಲ ನೋಡುತ್ತಾ ಕೊಡೆ, ಮೂಗು, ಸುಡುಗಾಡು ಎಂದು ಬಿಡಿಬಿಡಿಯಾಗಿ ಹೇಳಿದೆ. ಸಿಸ್ಟರು ಫ್ರಿಜ್ಜಿನ ಬಾಗಿಲು ಹಾಕಲು ಮರೆತು, ಆಮೇಲೆ ನೆನಪಾಗಿ ದಢಾರನೆ ಹಾಕಿ, "ಸುಳ್ಳಾದ್ರೆ?" ಎಂದರು.

"ಸುಳ್ಳಾದ್ರೆ ಹೆಂಗಿದ್ರೂ ಹೋಗುತ್ತಲ್ಲ."

"ಅದೂ ಸರಿ. ಆದ್ರೆ ಆ ಕುಬೇರಪ್ಪ ಒಂದು ಲಾರಿ ಜನ ತರ್ತಾನೆ, ತಟ್ಟಕ್ಕೇಂತಲೇ. ಅಷ್ಟು ಜನರ ಕೈ ಕಟ್ಟಿಹಾಕೋಕೆ ಆಗುತ್ತೇನೆ?" ಎಂದು ಸ್ವಲ್ಪ ಹೊತ್ತು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಬೇರೆಯಾಯಿತು. "ಗುರುವಾರ ಅಂದ್ನಲ್ವಾ ಆ ಮುಂಡೇದು? ಗುರುವಾರ ನಮ್ಮಲ್ಲೇನು?"

ಗುರುವಾರ ನಮ್ಮಲ್ಲಿ ಮಕ್ಕಳಿಗೆ ಚುಚ್ಚುಮದ್ದು.

ಸುತ್ತಲಿನ ಹಟ್ಟಿಗಳಿಗೆಲ್ಲ ಹೇಳಿಕಳಿಸಿದರು. ಸಿಸ್ಟರು ಮನೆಮನೆಗೆ ಹೋಗಿ, ಹಾಲು ಕುಡಿಯುವ ಮಗುವಿನಿಂದ ಹಿಡಿದು ಶಾಲೆಗೆ ಹೋಗುವ ಮಗುವಿನವರೆಗೆ ಯಾವೊಂದೂ ಮನೆಯಲ್ಲಿ ಉಳಿಯಬಾರದು ಎಂದು ಕಟ್ಟಪ್ಪಣೆ ಮಾಡಿದರು. ಯಾಕೆ ಎಂದು ಹೆಂಗಸರಿಗೆ ಮಾತ್ರ ಕಿವಿಯಲ್ಲಿ ಹೇಳಿದರು. ಗಂಡಸರಿಗೆ ಹೇಳಲಿಲ್ಲ, ಹೇಳಿದರೆ ಅರಳಿಕಟ್ಟೆಯಲ್ಲಿ ಮತ್ತೆ ಚರ್ಚೆಯಾಗುತ್ತದೆ. ಉಪಾಯ ತಮ್ಮದೇ ಎಂದೂ ಹೇಳಿಕೊಂಡರು. ನನಗೆ ಅದು ನೆಮ್ಮದಿಯೇ ಆಯಿತು. ನನ್ನದು ಎಂದಿದ್ದರೆ ಬೀದಿಯಲ್ಲಿ ಎಲ್ಲರೂ ನನ್ನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು.

ಅವ್ವ ಒಬ್ಬಳು ಒಪ್ಪಲಿಲ್ಲ. "ಎರಡು ತಿಂಗಳ ಗುಳಿಗೆನ ಒಂದೇ ಸಲ ಕೊಟ್ಬುಡಿ, ನುಂಗ್ಬುಡ್ತೀನಿ. ಆಮೇಲೆ ಆಸ್ಪತ್ರೆನಾದ್ರೂ ಹೋಗ್ಲಿ, ಸರ್ಕಾರನಾದ್ರೂ ಹೋಗ್ಲಿ" ಎಂದು ವಾದ ಹೂಡಿದಳು. ಹಾಗೆಲ್ಲ ನುಂಗಿದರೆ ಮೊದಲು ನೀನೇ ಹೋಗುತ್ತೀಯ ಎಂದು ಸಿಸ್ಟರು ಗದರಿದರು. ಮನೆಗೆ ಬರುವಾಗ ದಾರಿಯಲ್ಲಿ ಅವ್ವ ಮೆಲ್ಲಗೆ, "ನಿಮ್ಮಪ್ಪನೂ ಇಂಗೆಯೇ ನಾಲ್ಕು ತಿಂಗ್ಳು ನುಂಗಿದ್ದ ಅಲ್ವೇನೆ ಮಾದೇವಿ?" ಎಂದಳು. ನಾನು ಹೂಂ ಎಂದೆ. ಅವ್ವ ಮತ್ತೇನೂ ಹೇಳದೆ ಅಷ್ಟು ದೂರ ನಡೆದದ್ದನ್ನು ನಾನು ಅದೇ ಮೊದಲು ಕಂಡದ್ದು.

ಆ ಗುರುವಾರ ಬೆಳಗ್ಗೆ ಆಸ್ಪತ್ರೆಯ ಮುಂದೆ ಶಾಮಿಯಾನ, ಮೈಕು, ಬಾಳೆಕಂದು. ಹಳೆಯ ಟೇಪಿನ ಮೇಲೆ ಅವರ ಪಕ್ಷದ ಬಣ್ಣದ ಇನ್ನೊಂದು ಟೇಪು ಕಟ್ಟಿದ್ದರು. ಕುಬೇರಪ್ಪನ ಲಾರಿ ಬಂತು. ಅದರಿಂದ ಬಿಳಿ ಅಂಗಿಯ ಗಂಡಸರು ದುಬುದುಬು ಇಳಿದರು, ಅಂಗೈ ಉಜ್ಜಿಕೊಳ್ಳುತ್ತಾ. ಇಳಿದವರ ಮುಂದೆ ನಮ್ಮ ಹೆಂಗಸರು ಸಾಲಾಗಿ ನಿಂತಿದ್ದರು.

"ಅಣ್ಣ, ಒಸಿ ಹಿಡ್ಕೊ. ಸೆರಗು ಸರಿ ಮಾಡ್ಕೊಂಡು ಬತ್ತೀನಿ," ಎಂದು ಒಬ್ಬಳು ತನ್ನ ಮಗುವನ್ನು ಒಬ್ಬನ ತೋಳಿಗೆ ದಾಟಿಸಿ ಹೋದಳು. ಸೆರಗು ಸರಿ ಮಾಡಿಕೊಂಡು ಬಂದವಳು ಪಕ್ಕದವಳ ಮಗುವನ್ನು ತಾನೆತ್ತಿಕೊಂಡಳು. "ಮಾವ, ಕತ್ತು ಹಿಡ್ಕಬೇಕು, ಇಂಗೆ. ಬೀಳಿಸ್ಬುಟ್ಟೀಯ!" ಎಂದು ಇನ್ನೊಬ್ಬಳು. ಗಂಡಸರು ಬೆಪ್ಪಾಗಿ ಹಿಡಿದುಕೊಂಡರು. ಕೈಗೆ ಬಂದ ಮಗುವನ್ನು ನೆಲಕ್ಕಿಡಲು ಯಾರಿಗೂ ಧೈರ್ಯ ಬರುವುದಿಲ್ಲ, ಎಷ್ಟೇ ಬಾಡಿಗೆಯ ಜನವಾಗಲಿ. ಕೊನೆಕೊನೆಗೆ ಮಕ್ಕಳು ಸಾಲದೆ ಬಂದವು. ಸೋಮಕ್ಕ ಮನೆಗೆ ಓಡಿ ಒಂದು ಕುಂಬಳಕಾಯಿಗೆ ಕುಲಾವಿ ತೊಡಿಸಿ, ದುಪ್ಪಟಿ ಸುತ್ತಿ ತಂದು, "ಈಗಷ್ಟೇ ನಿದ್ದೆ ಹೋಗೈತೆ, ಅಲುಗಾಡಿಸ್ಬ್ಯಾಡಪ್ಪ" ಎಂದು ದಪ್ಪ ಮೀಸೆಯವನೊಬ್ಬನ ಕೈಗೆ ಕೊಟ್ಟಳು. ಅವನು ಸಮಾರಂಭ ಮುಗಿಯುವವರೆಗೂ ಅದನ್ನು ತಟ್ಟಿ ತಟ್ಟಿ ಮಲಗಿಸುತ್ತಿದ್ದ.

ಕುಬೇರಪ್ಪ ಮಾತ್ರ ಸಿಕ್ಕಲಿಲ್ಲ. ಅವನ ಮುಂದೆ ಮಗು ಹಿಡಿದಾಗಲೆಲ್ಲ, "ಏ, ನಂಗೆ ಮಗು ಎತ್ತಕ್ಕೆ ಬರಾಕಿಲ್ಲ, ಅತ್ಲಾಗಿಡಿ" ಎಂದು ಹಿಂದೆ ಸರಿಯುತ್ತಿದ್ದ. ಅವನಿಗೆ ಅನುಮಾನವೇನೂ ಇರಲಿಲ್ಲ, ಇಸ್ತ್ರಿಯ ಚಿಂತೆಯಷ್ಟೇ. ಸಿಸ್ಟರು ದೂರದಿಂದಲೇ ನನಗೆ ಕಣ್ಣಿನಲ್ಲಿ ಏನೋ ಸನ್ನೆ ಮಾಡಿದರು. ನನಗೆ ಅರ್ಥವಾಗಲಿಲ್ಲ. ನನ್ನ ಕೈಯಲ್ಲಿ ಹರಿವಾಣವಿತ್ತು. ಅದರಲ್ಲಿ ಕುಂಕುಮ, ಹೂವು, ಕತ್ತರಿ, ನಡುವೆ ಉರಿಯುವ ದೀಪ.

ಗವಿರಂಗಯ್ಯನವರು ಬಂದರು. ಜುಬ್ಬಾ ಎಷ್ಟು ಬಿಳುಪಾಗಿತ್ತೆಂದರೆ ನೋಡಿದವರು ಕಣ್ಣು ಕಿರಿದು ಮಾಡಬೇಕಿತ್ತು. "ಓಹೋಹೋ, ಏನ್ ಮಕ್ಕಳು, ಏನ್ ಮಕ್ಕಳು!" ಎಂದು ಸಂತೋಷಪಟ್ಟರು. ಹರಿವಾಣದಿಂದ ಕತ್ತರಿ ತೆಗೆದುಕೊಂಡರು. ಫೋಟೋದವನು ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದ. ಅವ್ವ ಜಗುಲಿಯ ಕೊನೆಯಲ್ಲಿ, ಯಾರದೋ ಅವಳಿಜವಳಿಯನ್ನು ಎರಡು ಕಂಕುಳಲ್ಲೂ ಇಟ್ಟುಕೊಂಡು ನಿಂತಿದ್ದಳು. ನಾನು ತಲೆ ತಗ್ಗಿಸಿದೆ.

ಕತ್ತರಿ ಕಚ್ಚಿತು. ಹೊಸ ಟೇಪು ಬಿತ್ತು, ಅದರ ಹಿಂದೆಯೇ ನಮ್ಮ ಹಳೆಯ ಟೇಪೂ ಬಿತ್ತು. ಅದನ್ನು ಗಂಟು ಹಾಕಿದ್ದ ಬೆರಳು ನನ್ನದು. ಒಂದು ಚಪ್ಪಾಳೆಯೂ ಇಲ್ಲ. ಅಷ್ಟು ಜನ ಸೇರಿದ ಜಾಗದಲ್ಲಿ ಅಂಥ ಮೌನವನ್ನು ನಮ್ಮೂರು ಸುಡುಗಾಡಿನಲ್ಲಿ ಮಾತ್ರ ಕೇಳಿತ್ತು. ಗವಿರಂಗಯ್ಯನವರು ಕತ್ತರಿ ಎತ್ತಿಹಿಡಿದು, ನಗುಮುಖ ಮಾಡಿಕೊಂಡು, ಕಾಯುತ್ತಾ ನಿಂತರು.

ಆಗ ನನ್ನ ತಗ್ಗಿದ ಕಣ್ಣಿಗೆ ಆ ಎರಡು ಅಗಲ ಅಂಗೈಗಳು ಕಂಡವು. ಮೇಲಕ್ಕೆದ್ದವು, ಒಂದಕ್ಕೊಂದು ಎದುರಾದವು, ಅಗಲವಾದವು. ಹರಿವಾಣದಷ್ಟು ಅಗಲ.

ನಾನೇನೂ ಯೋಚಿಸಲಿಲ್ಲ. ಒಂದು ಹೆಜ್ಜೆ ಮುಂದೆ ಹೋಗಿ ಹರಿವಾಣವನ್ನು ಆ ಎರಡು ಕೈಗಳ ನಡುವೆ ಇಟ್ಟು ಬಿಟ್ಟುಬಿಟ್ಟೆ. ಕುಬೇರಪ್ಪ ಹಿಡಿದುಕೊಂಡ. ಹಿಡಿಯದಿದ್ದರೆ ಉರಿಯುವ ದೀಪ ಸಾಹೇಬರ ಜುಬ್ಬಾದ ಮೇಲೆ ಬೀಳುತ್ತಿತ್ತು. "ಏ, ಏನಮ್ಮಣ್ಣಿ ಇದು!" ಎಂದು, ಎಣ್ಣೆ ತುಳುಕದ ಹಾಗೆ ಹರಿವಾಣವನ್ನು ಅತ್ತಿತ್ತ ಸಮ ಮಾಡಿಕೊಳ್ಳುತ್ತಾ ನಿಂತ. ನಾನು ತಲೆ ಎತ್ತಿ ಅವನ ಮುಖ ನೋಡಿದೆ. ಅದುವರೆಗೆ ನಾನು ಅವನ ಮುಖವನ್ನೇ ನೋಡಿರಲಿಲ್ಲ. ಪಾಪ, ಗಾಬರಿಯಾದ ಸಾಮಾನ್ಯ ಮುಖ.

"ಯಾಕ್ರೀ, ಚಪ್ಪಾಳೆ ಎಲ್ರೀ?" ಎಂದರು ಗವಿರಂಗಯ್ಯ.

"ಕೈ ಖಾಲಿ ಇಲ್ಲ ಸ್ವಾಮಿ," ಎಂದ ಕುಂಬಳಕಾಯಿಯವನು ಪಿಸುದನಿಯಲ್ಲಿ. "ಮಗು ಎದ್ದುಬುಡುತ್ತೆ."

ಸಿಸ್ಟರು ಅದಕ್ಕಿಂತ ಹೆಚ್ಚು ಅವಕಾಶ ಕೊಡಲಿಲ್ಲ. ಬಾಗಿಲ ಬಳಿಯೇ ಸೂಜಿ ಹಿಡಿದು ನಿಂತಿದ್ದವರು ಹತ್ತಿರದ ಮಗುವಿನ ತೊಡೆಗೆ ಚುಚ್ಚಿದರು. ಅದು ಕಿಟಾರನೆ ಕಿರುಚಿತು. ಅದನ್ನು ಕೇಳಿ ಪಕ್ಕದ್ದು, ಪಕ್ಕದ್ದನ್ನು ಕೇಳಿ ಹಿಂದಿನದು. ಒಂದು ನಿಮಿಷದಲ್ಲಿ ಶಾಮಿಯಾನದ ಗೂಟ ಅಲುಗಾಡುವಂಥ ಅಳು. ಗವಿರಂಗಯ್ಯನವರು ಮೈಕಿನ ಮುಂದೆ ನಿಂತು ಬಾಯಿ ತೆರೆದು ಮುಚ್ಚುತ್ತಿದ್ದರು, ಮೀನಿನ ಹಾಗೆ. ಭಾಷಣದಲ್ಲಿ ಏನು ಹೇಳಿದರೋ ಅವರಿಗೇ ಕೇಳಿಸಿರಲಿಕ್ಕಿಲ್ಲ. ಫೋಟೋಗೆಂದು ಅವರ ಕೈಗೂ ಒಂದು ಮಗು ಕೊಟ್ಟರು. ಅದು ಬಹಳ ಹೊತ್ತಿನಿಂದ ತಡೆದುಕೊಂಡಿದ್ದಿರಬೇಕು. ಜುಬ್ಬಾದ ಬಿಳುಪು ಎದೆಯಿಂದ ಮಂಡಿಯವರೆಗೆ ಹಳದಿಗೆ ತಿರುಗಿತು. ಅವರಿಗೆ ಆ ದಿನ ಇನ್ನೂ ಬೇರೆ ಊರುಗಳಲ್ಲಿ ಉದ್ಘಾಟನೆಗಳಿದ್ದವು. ಮಗುವನ್ನು ಸಿಕ್ಕವರ ಕೈಗೆ ಕೊಟ್ಟು ಕಾರು ಹತ್ತಿದರು. ಕುಬೇರಪ್ಪ ದೀಪ ಆರದಂತೆ ಹರಿವಾಣ ಹಿಡಿದುಕೊಂಡೇ ಹಿಂದಿನಿಂದ ಓಡಿದ. ಹರಿವಾಣ ನಮಗೆ ವಾಪಸು ಬರಲೇ ಇಲ್ಲ.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ನಾನು ಕಂಡದ್ದು ನಿಜವೋ, ಬರೀ ಕಾಕತಾಳೀಯವೋ ಯಾರಿಗೆ ಗೊತ್ತು? ಆಸ್ಪತ್ರೆಯ ಮೇಲೆ ಅವರ ಬಣ್ಣವಿತ್ತು, ಅವರ ಬೋರ್ಡಿತ್ತು. ಟೇಪಿರಲಿಲ್ಲ. ಆದರೂ ಜನ ಬಾಗಿಲ ಬಳಿ ಬಂದಾಗ ಬಗ್ಗಿಯೇ ಬರುತ್ತಿದ್ದರು, ಬೆನ್ನು ಮರೆಯುವುದಿಲ್ಲ. ಅವ್ವ ಪ್ರತಿದಿನ ಗುಳಿಗೆ ನುಂಗುವಾಗ ಅಂಗೈಯಲ್ಲಿಟ್ಟುಕೊಂಡು ಒಂದು ಸಲ ನೋಡುವಳು, ಇದ್ದೀಯಾ ಎಂದು ಕೇಳುವ ಹಾಗೆ. ಐದನೇ ತಿಂಗಳು ಮುಗಿಯಿತು. ರೆಸಾರ್ಟಿಗೆ ಇನ್ನೂ ಒಂದು ಬಸ್ಸು ಹೋಯಿತು. ಆ ಬಸ್ಸಿನ ಕಿಟಕಿಯಲ್ಲಿ ಗವಿರಂಗಯ್ಯನವರೇ ಕೈ ಬೀಸುತ್ತಿದ್ದರಂತೆ. ಆಚೆಯವರು ಮಂತ್ರಿ ಮಾಡುತ್ತೇವೆ ಎಂದಿದ್ದರಂತೆ.

ವಿಶ್ವಾಸಮತದ ದಿನ ಊರೆಲ್ಲ ಆಸ್ಪತ್ರೆಯ ಮುಂದೆ ಬಂದು ಕೂತಿತು. ಸಿಸ್ಟರು ಮಾತ್ರ ಒಳಗಿದ್ದರು. "ಹೋದ್ರೆ ನಾನು ಬಯಲಲ್ಲಿ ಕೂತಿರ್ತೀನಿ, ಅಷ್ಟೇ ತಾನೇ" ಎಂದು ಬಿಪಿ ನೋಡುವುದನ್ನು ನಿಲ್ಲಿಸಲಿಲ್ಲ. ಕ್ಷೌರದಂಗಡಿಯವನು ರೇಡಿಯೋ ತಂದು ಕಲ್ಲಿನ ಮೇಲಿಟ್ಟ. ರಾಜಧಾನಿಯಲ್ಲಿ ತಲೆ ಎಣಿಸಿದರು. ಎಣಿಸಿ ಮುಗಿಸಿದರು.

ಮೊದಲು ಊರ ಮುಂದಿನ ಸ್ವಾಗತ ಕಮಾನು ಹೋಯಿತು. ಆಮೇಲೆ ಬಸ್‌ ತಂಗುದಾಣ. ಆಮೇಲೆ ಸಾರ್ವಜನಿಕ ಶೌಚಾಲಯ. ಅದರ ಜಾಗದಲ್ಲಿ ಸುದ್ದಿ ತಿಳಿಯದ ಪರವೂರಿನ ಒಬ್ಬ ಕುಕ್ಕರಗಾಲಿನಲ್ಲಿ ಕೂತು ಆಕಾಶ ನೋಡುತ್ತಿದ್ದ. ಯಾರೂ ನಗಲಿಲ್ಲ. ಎಲ್ಲರೂ ಆಸ್ಪತ್ರೆಯನ್ನೇ ನೋಡುತ್ತಿದ್ದರು. ನಾನು ಅವ್ವನ ಪಕ್ಕದಲ್ಲಿ, ಅವಳ ಸೆರಗಿನ ತುದಿ ಹಿಡಿದು ನಿಂತಿದ್ದೆ.

ಗೋಡೆಗಳು ನಿಂತಿದ್ದವು. ಇನ್ನೂ ನಿಂತಿದ್ದವು. ಒಳಗಿಂದ ಸಿಸ್ಟರ ದನಿ ಬಂತು: "ಯಾರದು ಮುಂದಿನೋರು? ಬಿಸಿಲಲ್ಲಿ ಕೂತು ಬಿಪಿ ಜಾಸ್ತಿ ಮಾಡ್ಕೋಬೇಡಿ, ಬನ್ನಿ!"

ಅವ್ವನ ಮುಖ ಅರಳಿತು. ಎರಡೂ ಕೈ ಮೇಲೆತ್ತಿದಳು. ಅಂಗೈಗಳು ಇನ್ನೇನು ಕೂಡಬೇಕು, ಆಗ ನಾನು "ಅವ್ವಾ!" ಎಂದು ಕಿರುಚಿದೆ. ಊರಿನ ಯಾರೂ ನನ್ನ ದನಿಯನ್ನು ಅಷ್ಟು ಎತ್ತರದಲ್ಲಿ ಕೇಳಿರಲಿಲ್ಲ. ಸುತ್ತಲಿದ್ದ ಅಷ್ಟೂ ಹೆಂಗಸರು ಒಟ್ಟಿಗೆ ಅವಳ ಮೇಲೆ ಬಿದ್ದರು. ಒಬ್ಬಳು ಎಡಗೈ, ಒಬ್ಬಳು ಬಲಗೈ, ಸೋಮಕ್ಕ ಸೊಂಟ. "ಬುಡ್ರೇ, ಉಸಿರುಕಟ್ತದೆ, ಬುಡ್ರೇ" ಎಂದು ಅವ್ವ ಅವರ ನಡುವಿನಿಂದ ಬೈಯುತ್ತಿದ್ದಳು, ನಗುತ್ತಿದ್ದಳು. ಕೆಮ್ಮು ಬರಲಿಲ್ಲ. ಅದನ್ನು ನಾನು ಗಮನಿಸಿದೆ.

ಅವಳ ಆರನೇ ತಿಂಗಳ ಕೊನೆಯ ಗುಳಿಗೆಯ ದಿನಕ್ಕೆ ಹೊಸ ಸರ್ಕಾರದವರು ಇನ್ನೂ ಖಾತೆ ಹಂಚಿಕೊಳ್ಳುವುದರಲ್ಲೇ ಇದ್ದರು. ಗವಿರಂಗಯ್ಯನವರು ಮಂತ್ರಿಯಾಗಲಿಲ್ಲ. ಇನ್ನೇನು ಆಗುತ್ತಾರೆ ಎನ್ನುತ್ತಿದ್ದರು. ಅವ್ವ ಒಳಗೆ ಹೋಗಿ ಗುಳಿಗೆ ನುಂಗಿ, ಸಿಸ್ಟರ ಮುಂದೆ ಬಾಯಿ ತೆರೆದು ತೋರಿಸಿದಳು. ಕಫದಲ್ಲಿ ಏನೂ ಇಲ್ಲ, ವಾಸಿಯಾಗಿದೆ ಎಂದು ಸಿಸ್ಟರು ಜೋರಾಗಿಯೇ ಹೇಳಿದರು. ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳಿಸಿತು. ಎಲ್ಲರೂ ಥಟ್ಟನೆ ತಮ್ಮ ತಮ್ಮ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಹಾಗೆಯೇ ಸಾಲಾಗಿ, ಹಲ್ಲು ಕಿರಿಯುತ್ತಾ, ಒಂದು ಸದ್ದೂ ಮಾಡದೆ ನಿಂತರು.

ಅವ್ವ ಬಾಗಿಲಲ್ಲಿ ಇಲ್ಲದ ಟೇಪಿಗೆ ಬಗ್ಗಿ, ಹೊರಬಂದು, ನಡು ನೆಟ್ಟಗೆ ಮಾಡಿಕೊಂಡು ಅವರನ್ನು ನೋಡಿದಳು. "ಥೂ ನಿಮ್ಮ, ಹೆಣ ಎತ್ತಕ್ಕೆ ಬಂದೋರಂಗೆ ನಿಂತವ್ರೆ" ಎಂದಳು. ನನ್ನ ತಲೆಯ ಮೇಲಿದ್ದ ಕಡಲೆಕಾಯಿಯ ಬುಟ್ಟಿಯನ್ನು ತೆಗೆದು ತನ್ನ ತಲೆಯ ಮೇಲಿಟ್ಟುಕೊಂಡಳು. ಬಸ್‌ ತಂಗುದಾಣವಿದ್ದ ಜಾಗದಲ್ಲಿ ಬಿಳುಚಿದ ಮಣ್ಣಿನ ಚೌಕದ ನಡುವೆ ಹೋಗಿ ನಿಂತಳು, ಎದೆ ತುಂಬ ಉಸಿರೆಳೆದುಕೊಂಡಳು, ಬಾಯಿ ತೆರೆದಳು. ಕೆರೆಯಾಚೆ ಬಟ್ಟೆ ಒಗೆಯುತ್ತಿದ್ದವರು ಕಲ್ಲಿಗೆ ಬಡಿಯುವುದನ್ನು ನಿಲ್ಲಿಸಿದರು.